ಎಷ್ಟು ತೆಗೆಯಬಹುದು, ಎಷ್ಟು ಬಿಡಬೇಕು: ಹೈಸ್ಕೂಲು ಮಕ್ಕಳಿಗೆ ಕಾಡು, ಕಡಲಿನ ಲೆಕ್ಕ ಕಲಿಸುವ ಸಮಗ್ರ ಮಾರ್ಗದರ್ಶಿ

ಜೂನ್ 5, ವಿಶ್ವ ಪರಿಸರ ದಿನ ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಾಲೆಗಳಲ್ಲಿ ಒಂದೇ ದೃಶ್ಯ. ಸಸಿ ನೆಡುತ್ತಾರೆ, ಫೋಟೋ ತೆಗೆಯುತ್ತಾರೆ, ಭಾಷಣ ಸ್ಪರ್ಧೆ ಇಡುತ್ತಾರೆ. ನಮ್ಮಲ್ಲಿ ಒಂದು ವರ್ಷ ಮೊದಲ ಬಹುಮಾನ ಗೆದ್ದ ಹುಡುಗ ಮೂರು ವಾರ ಕಳೆಯುವುದರೊಳಗೆ ದೋಟಿ ಹಿಡಿದು ಹಸಿ ಉಪ್ಪಾಗೆ ಕಾಯಿ ಬಡಿಯುತ್ತಿದ್ದ. ಸಿಪ್ಪೆ ಒಣಗಿಸಿ ಮಾರುವ ಕಾಡಿನ ಹುಳಿಹಣ್ಣು ಅದು. ಯಾಕಪ್ಪಾ ಎಂದರೆ, "ನಾ ಬಿಟ್ರೆ ಬೇರೆಯವ್ರು ಕೊಯ್ತ್ರು ಸರ್" ಎಂದ. ಅವನ ಮಾತು ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ನನ್ನ ಪಾಠದಲ್ಲಿ ಇರಲಿಲ್ಲ, ಅಷ್ಟೇ.

ಆಮೇಲೆ ಎಷ್ಟೋ ಶಿಕ್ಷಕರು ಇದೇ ಗೋಳು ಹೇಳಿಕೊಂಡಿದ್ದಾರೆ. ಪಾಠ ಚೆನ್ನಾಗಿಯೇ ಆಗುತ್ತದೆ, ಮಕ್ಕಳು ಅಂಕವನ್ನೂ ತೆಗೆಯುತ್ತಾರೆ, ಆದರೆ ಏನೂ ತಲೆಗೆ ಇಳಿದಿರುವುದಿಲ್ಲ. ಹೆಚ್ಚಿನ ಸಲ ತಪ್ಪುವುದು ಕ್ರಮ. ನಾವು 'ಉಳಿಸಿ' ಎಂಬ ಘೋಷಣೆಯಿಂದ ಶುರು ಮಾಡುತ್ತೇವೆ. ಮಕ್ಕಳ ಮನೆಯಲ್ಲಿ ದಿನವೂ ಏಳುವ ಪ್ರಶ್ನೆ 'ಎಷ್ಟು ತೆಗೆಯಬಹುದು' ಎಂಬುದು. ಆಟ, ಎಣಿಕೆ, ವಿಚಾರಣೆ, ಲೆಕ್ಕ, ನಿಯಮ: ಈ ಕ್ರಮದಲ್ಲೇ ಹೋಗಿ. ಎಂಟರಿಂದ ಹತ್ತನೇ ತರಗತಿಯವರಿಗೆ ಇದು ಹೊಂದುತ್ತದೆ. ಹತ್ತು ಪೀರಿಯಡ್ ಮತ್ತು ಎರಡು ಅರ್ಧ ದಿನ ಬೇಕು. ಆರು ವಾರಕ್ಕೆ ಹಂಚಿಕೊಳ್ಳಿ.

ಮೊದಲು ಒಟ್ಟು ಮಾಡಬೇಕಾದ ಸಾಮಾನು

ದುಡ್ಡಿನದು ಏನೂ ಇಲ್ಲ. ನಾಲ್ಕು ಮಕ್ಕಳಿಗೆ ಒಂದು ತಟ್ಟೆ ಮತ್ತು 20 ಹುಣಸೆಬೀಜ. 80 ಮೀಟರಿಗಿಂತ ಸ್ವಲ್ಪ ಉದ್ದದ ಹಗ್ಗ. ದರ್ಜಿಯ ಟೇಪು ನಾಲ್ಕೈದು. ತೂಗುವ ಸ್ಪ್ರಿಂಗ್ ತಕ್ಕಡಿ ಒಂದು. ಸೀಮೆಸುಣ್ಣ. ಕರಾವಳಿಯವರಿಗೆ ಅರ್ಧ ಮೀಟರ್ ಉದ್ದಗಲದ ಒಂದು ಚೌಕಟ್ಟು. ಪಿವಿಸಿ ಪೈಪಿನದ್ದು ಒಳ್ಳೆಯದು, ಬಿದಿರಿನದ್ದು ನೀರಲ್ಲಿ ತೇಲಿ ಉಪದ್ರ ಕೊಡುತ್ತದೆ. ಗಟ್ಟಿ ರಟ್ಟಿನ ಒಂದೇ ಒಂದು ದೊಡ್ಡ ನೋಟುಪುಸ್ತಕ. ಮಕ್ಕಳಿಗೆ ಒಂದೊಂದು ಬೇಡ, ಇಡೀ ತರಗತಿಗೆ ಒಂದೇ ಇರಲಿ. ಕಾರಣ ಕೊನೆಯಲ್ಲಿ ಗೊತ್ತಾಗುತ್ತದೆ.

ಹಂತ 1: ಒಂದೇ ಒಂದು ವಸ್ತು ಆರಿಸಿ

ಮಣ್ಣು, ನೀರು, ಕಾಡು, ಗಾಳಿ, ಕಲ್ಲಿದ್ದಲು ಎಲ್ಲವನ್ನೂ ಹಿಡಿದರೆ ಒಂದೂ ಕೈಗೆ ಸಿಗುವುದಿಲ್ಲ. ಒಂದನ್ನು ಹಿಡಿಯಿರಿ. ಅದು ಶಾಲೆಯಿಂದ ನಡೆದು ಹೋಗುವ ದೂರದಲ್ಲಿರಬೇಕು. ನಾಲ್ಕೈದು ಮಕ್ಕಳ ಮನೆಯವರಾದರೂ ಅದನ್ನು ತರುತ್ತಿರಬೇಕು. ಎಣಿಸಲು ಅಥವಾ ತೂಗಲು ಬರಬೇಕು.

ಘಟ್ಟದ ಮೇಲಿನವರಿಗೆ, ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ, ಉಪ್ಪಾಗೆಯಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಹಣ್ಣಾಗಿ ಉದುರುವುದು ಮಳೆಗಾಲದಲ್ಲಿ, ಶಾಲೆ ಶುರುವಾಗಿರುತ್ತದೆ. ಹಣ್ಣಾಗುವ ತನಕ ಕಾದರೆ ಬೀಜ ಬಲಿತಿರುತ್ತದೆ, ಮುಂದಿನ ಮರ ಹುಟ್ಟುತ್ತದೆ. ಪೈಪೋಟಿಗೆ ಬಿದ್ದು ಹಸಿ ಕಾಯಿ ಕೊಯ್ದರೆ ಬೀಜವೂ ಇಲ್ಲ, ಸಿಪ್ಪೆಯೂ ಜೊಳ್ಳು. ಮಳೆಯಲ್ಲಿ ಬಿಸಿಲಿಲ್ಲದ್ದಕ್ಕೆ ಸಿಪ್ಪೆಯನ್ನು ಒಲೆಯ ಮೇಲೆ ಒಣಗಿಸುತ್ತಾರೆ, ಹಾಗಾಗಿ ಕಟ್ಟಿಗೆಯ ಲೆಕ್ಕವೂ ಅದರೊಳಗೇ ಬರುತ್ತದೆ. ಅಘನಾಶಿನಿ ಕಣಿವೆಯಲ್ಲಾದರೆ ಸಿಂಗಳೀಕನೂ ಅದೇ ಹಣ್ಣಿಗೆ ಕಾದಿರುತ್ತದೆ. ಉಪ್ಪಾಗೆ ಇಲ್ಲದ ಊರಲ್ಲಿ ಮುರುಗಲು, ಅಪ್ಪೆಮಿಡಿ, ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ದರಕು, ಅಂದರೆ ಉದುರಿದ ಒಣ ಎಲೆ, ಆಗಬಹುದು.

ಕುಮಟಾ, ಅಂಕೋಲಾ, ಕಾರವಾರದ ಕಡೆಯವರಿಗೆ ಅಳಿವೆಯ (ಹೊಳೆ ಕಡಲು ಸೇರುವ ಜಾಗ) ಚಿಪ್ಪಿಕಲ್ಲು, ಅಂದರೆ ತಿನ್ನುವ ಚಿಪ್ಪುಮೀನು, ಇದೆ. ಬಳಚು, ಖುಬೆ ಎಂದು ಊರಿಗೊಂದು ಹೆಸರು. ಮಳೆಗಾಲ ಕಳೆದ ಮೇಲೆ ಹಿಡಿದುಕೊಳ್ಳಿ.

ಪೇಟೆ ಶಾಲೆಗೆ ಕಾಡೂ ಇಲ್ಲ, ಹೊಳೆಯೂ ಇಲ್ಲ ಎನ್ನುವವರು ಬಾವಿ ನೀರು ತೆಗೆದುಕೊಳ್ಳಿ. ಅದಕ್ಕೊಂದು ಲೆಕ್ಕ ಇಲ್ಲೇ ಕೊಟ್ಟುಬಿಡುತ್ತೇನೆ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ವರ್ಷಕ್ಕೆ 2500 ಮಿ.ಮೀ. ಮಳೆ ಎಂದುಕೊಂಡರೆ 100 ಚದರ ಮೀಟರ್ ಮಾಡಿನ ಮೇಲೆ ಬೀಳುವುದು ಎರಡೂವರೆ ಲಕ್ಷ ಲೀಟರ್. ಐದು ಜನರ ಮನೆಗೆ ದಿನಕ್ಕೆ ತಲಾ 55 ಲೀಟರಿನಂತೆ ಬೇಸಿಗೆಯ ನೂರು ದಿನಕ್ಕೆ ಬೇಕಾದದ್ದು 27,500 ಲೀಟರ್. ಮತ್ತೆ ಏಪ್ರಿಲ್‌ನಲ್ಲಿ ಬಾವಿ ಯಾಕೆ ಬತ್ತುತ್ತದೆ? ಇಷ್ಟು ಬೋರ್ಡಿನ ಮೇಲೆ ಬರೆದು ಸುಮ್ನೆ ನಿಂತರೆ ಸಾಕು, ಮಕ್ಕಳೇ ಜಗಳ ಶುರು ಮಾಡುತ್ತಾರೆ.

ಸಾಮಾನ್ಯ ತಪ್ಪು: ಹುಲಿ, ಆನೆ, ಅಮೆಜಾನ್ ಕಾಡು ಆರಿಸುವುದು. ಕೇಳಲು ಚೆಂದ. ಆದರೆ ಹದಿನಾಲ್ಕು ವರ್ಷದ ಹುಡುಗಿ ನಾಳೆ ಬೆಳಿಗ್ಗೆ ಅದರ ಬಗ್ಗೆ ಮಾಡುವಂಥದ್ದು ಏನೂ ಇರುವುದಿಲ್ಲ.

ಹಂತ 2: ಪಾಠಕ್ಕೂ ಮೊದಲು ಆಟ

ಇದನ್ನು ಬಿಟ್ಟು ಮುಂದೆ ಹೋದವರೆಲ್ಲ ವಾಪಸು ಬಂದಿದ್ದಾರೆ. ಎರಡು ಪೀರಿಯಡ್ ಒಟ್ಟಿಗೆ ಇಟ್ಟುಕೊಳ್ಳಿ.

ನಾಲ್ಕು ಮಕ್ಕಳ ಗುಂಪು ಮಾಡಿ. ನಡುವೆ ತಟ್ಟೆ, ಅದರಲ್ಲಿ 20 ಹುಣಸೆಬೀಜ. ತಟ್ಟೆಯೇ ಅಳಿವೆ, ಬೀಜವೇ ಮೀನು. ಒಂದು ಸುತ್ತು ಅಂದರೆ ಒಂದು ವರ್ಷ. ಪ್ರತಿಯೊಬ್ಬರೂ ತನಗೆಷ್ಟು ಬೇಕೆಂದು, ಸೊನ್ನೆಯಿಂದ ಐದರ ತನಕ, ಚೀಟಿಯಲ್ಲಿ ಗುಟ್ಟಾಗಿ ಬರೆಯಬೇಕು. ಆಮೇಲೆ ಎಲ್ಲರೂ ಒಟ್ಟಿಗೆ ಚೀಟಿ ತಿರುಗಿಸಿ ಅಷ್ಟಷ್ಟು ತೆಗೆದುಕೊಳ್ಳಬೇಕು. ಉಳಿದ ಬೀಜ ಮುಂದಿನ ವರ್ಷಕ್ಕೆ ಇಮ್ಮಡಿಯಾಗುತ್ತದೆ. ಆದರೆ ತಟ್ಟೆಯಲ್ಲಿ 20ಕ್ಕಿಂತ ಜಾಸ್ತಿ ಯಾವತ್ತೂ ಇರುವಂತಿಲ್ಲ. ಹೊಳೆ ಅಷ್ಟೇ ಅಗಲ. ಬೇಡಿಕೆ ತಟ್ಟೆಯಲ್ಲಿದ್ದುದಕ್ಕಿಂತ ಜಾಸ್ತಿಯಾದರೆ ಹೊಳೆ ಖಾಲಿ, ಆಟ ಮುಗಿಯಿತು. ಜಾಸ್ತಿ ಬೀಜ ಒಟ್ಟು ಮಾಡಿದವರು ಗೆದ್ದಂತೆ.

ಮೊದಲ ಆಟದಲ್ಲಿ ಮಾತಾಡುವಂತಿಲ್ಲ. ಏನಾಗುತ್ತದೆ ನೋಡಿ. 5, 4, 5, 3 ಎಂದು ಬರುತ್ತದೆ. 17 ಹೋಯಿತು, ಮೂರು ಉಳಿಯಿತು, ಅದು ಆರಾಯಿತು, ಎರಡನೇ ವರ್ಷಕ್ಕೆ ಹೊಳೆ ಖಾಲಿ. ಕೆಲವು ಗುಂಪಿನವರು ತಲಾ ಮೂರು ತೆಗೆದು ತಾವು ಭಾರೀ ಸಾಧುಗಳು ಎಂದುಕೊಳ್ಳುತ್ತಾರೆ. ಅವರ ತಟ್ಟೆ 20ರಿಂದ 16ಕ್ಕೆ, 16ರಿಂದ 8ಕ್ಕೆ ಇಳಿದು ಮೂರನೇ ವರ್ಷ ಮುಗಿಯುತ್ತದೆ. ಈ ಗುಂಪನ್ನು ಎಲ್ಲರಿಗೂ ತೋರಿಸಿ. ದುರಾಸೆ ಇಲ್ಲದವನೂ ಹೊಳೆ ಖಾಲಿ ಮಾಡಬಲ್ಲ ಎಂಬುದು ಬಾಯಿಮಾತಲ್ಲಿ ಹೇಳಿದರೆ ತಿಳಿಯುವುದಿಲ್ಲ.

ಎರಡನೇ ಆಟದಲ್ಲಿ ಮಾತಾಡಲು ಬಿಡಿ. ಬೇಗನೆ ತಲಾ ಎರಡಕ್ಕೆ ಬರುತ್ತಾರೆ. ಎಂಟು ತೆಗೆದರು, 12 ಉಳಿಯಿತು, ಇಮ್ಮಡಿಯಾಗಿ 24, ಆದರೆ ಹಿಡಿಯುವುದು 20 ಮಾತ್ರ. ಎಷ್ಟು ವರ್ಷವಾದರೂ ನಡೆಯುತ್ತದೆ. ಆಗ ಕೇಳಿ: ಆ ನಾಲ್ಕು ಬೀಜ ಸುಮ್ನೆ ಹೋಯಿತಲ್ಲ, ಯಾಕೆ ಬಿಟ್ಟಿರಿ? ನಿಜವಾಗಿ ವರ್ಷಕ್ಕೆ 10 ತೆಗೆಯಬಹುದು. ಆದರೆ ನಾಲ್ಕು ಜನಕ್ಕೆ ಹತ್ತನ್ನು ಸಮ ಪಾಲು ಮಾಡಲು ಬರುವುದಿಲ್ಲ. ಇಬ್ಬರಿಗೆ ಮೂರು, ಇಬ್ಬರಿಗೆ ಎರಡು. ಯಾರಿಗೆ ಮೂರು? ಇಲ್ಲಿಂದ ಐದು ನಿಮಿಷ ನೀವು ಬಾಯಿ ಬಿಡಬೇಡಿ. ಯಾರಾದರೂ ಒಬ್ಬರು 'ಈ ವರ್ಷ ನಿಂಗೆ, ಬರುವ ವರ್ಷ ನಂಗೆ' ಎಂದೇ ಎನ್ನುತ್ತಾರೆ. ಸರದಿ ಎಂಬ ನಿಯಮ ಅವರೇ ಕಂಡುಹಿಡಿದದ್ದಾಯಿತು. ಇಡೀ ಆರು ವಾರದಲ್ಲಿ ನನಗೆ ಅತಿ ಇಷ್ಟದ ಗಳಿಗೆ ಇದು.

ಮೂರನೇ ಆಟದಲ್ಲಿ ಮಾತಾಡಬಹುದು, ಆದರೆ ಚೀಟಿ ನೋಡುವುದು ಮೇಷ್ಟ್ರು ಮಾತ್ರ. ಪ್ರತಿ ಗುಂಪಲ್ಲಿ ಒಬ್ಬನಿಗೆ ಮೊದಲೇ ಕಿವಿಯಲ್ಲಿ ಹೇಳಿಡಿ, ಒಪ್ಪಂದ ಮುರಿ ಎಂದು. ತಟ್ಟೆ ಇಳಿಯುತ್ತಾ ಹೋದಂತೆ ಒಬ್ಬರ ಮೇಲೊಬ್ಬರಿಗೆ ಅನುಮಾನ ಶುರುವಾಗುತ್ತದೆ. ಕಾಯುವವರು ಬೇಕು ಎಂಬ ಮಾತು ತಾನಾಗಿ ಬರುತ್ತದೆ. ಆಟ ಮುಗಿದ ಕೂಡಲೇ ಗುಟ್ಟು ಬಿಚ್ಚಿ. ಒಮ್ಮೆ ನಾನು ಮರೆತೆ. ಒಬ್ಬ ಹುಡುಗನಿಗೆ ವರ್ಷವಿಡೀ 'ಬೀಜಕಳ್ಳ' ಎಂಬ ಅಡ್ಡಹೆಸರು ಉಳಿಯಿತು.

ಆಟದಲ್ಲಿ ಆಗುವ ತಪ್ಪುಗಳು: ಎಷ್ಟು ಸುತ್ತು ಎಂದು ಮೊದಲೇ ಹೇಳಬೇಡಿ, ಕೊನೆಯ ವರ್ಷ ಎಂದು ಗೊತ್ತಾದರೆ ಎಲ್ಲರೂ ಬಾಚುತ್ತಾರೆ. ಬೀಜದ ಬದಲು ಚಾಕಲೇಟ್ ಇಡಬೇಡಿ, ಎರಡನೇ ಆಟಕ್ಕೆ ಮೀನೇ ಇರುವುದಿಲ್ಲ. ಐದು ಬರೆದ ಮಗುವನ್ನು ಬೈಯಬೇಡಿ. ಮೊದಲ ಆಟದ ನಂತರ ನಿಲ್ಲಿಸಿದರಂತೂ ಮಕ್ಕಳು ಕಲಿಯುವುದು ಉಲ್ಟಾ: ಬೇಗ ಬಾಚಿದವನೇ ಗೆದ್ದ.

ಹಂತ 3: ಜಾಗಕ್ಕೆ ಹೋಗುವ ಮೊದಲು

ಈ ಹಂತವನ್ನು ಅವಸರದಲ್ಲಿ ದಾಟಬೇಡಿ. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬರಹದಲ್ಲಿ ಬೇಕು. ಸೊಪ್ಪಿನಬೆಟ್ಟವಾದರೆ ಅದನ್ನು ನೋಡಿಕೊಳ್ಳುವ ಮನೆಯವರನ್ನು ಕೇಳಿ. ಪಾಲಕರ ಸಹಿ ಬೇಕೇ ಬೇಕು.

ಘಟ್ಟದ ಕಡೆ ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಅದು ಹರಡುವುದು ಉಣುಗಿನಿಂದ (ಉಣ್ಣೆ ಹುಳು). ಹೊರಡುವ ವಾರ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಆಸುಪಾಸಿನಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಕಾರ್ಯಕ್ರಮ ರದ್ದು, ಎರಡನೇ ಮಾತಿಲ್ಲ. ಇಲ್ಲದಿದ್ದರೂ ಆ ತಿಂಗಳುಗಳಲ್ಲಿ ಕಾಡಿನ ಕೆಲಸ ಇಟ್ಟುಕೊಳ್ಳದಿರುವುದೇ ಲೇಸು. ಮಳೆಗಾಲದಲ್ಲಿ ಉಂಬಳ ಕಚ್ಚುತ್ತದೆ. ಅದು ಕಿರಿಕಿರಿ, ಅಪಾಯವಲ್ಲ. ಜೋರು ಗಾಳಿಮಳೆ ಇರುವ ದಿನ ಮರದ ಕೆಳಗೆ ಮಕ್ಕಳನ್ನು ನಿಲ್ಲಿಸಬೇಡಿ.

ಅಳಿವೆಗೆ ಹೋಗುವವರು ಭರತ, ಇಳಿತದ ಲೆಕ್ಕ ಹಾಕಿ. ನೀರು ಅತಿ ಕೆಳಗಿಳಿಯುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಹೋದ ವಾರ ನೋಡಿಕೊಂಡು ಬಂದ ಸಮಯ ಈ ವಾರಕ್ಕೆ ಸಲ್ಲದು. ಪೂರ್ತಿ ಇಳಿಯುವುದಕ್ಕೆ ಒಂದೂವರೆ ತಾಸು ಮೊದಲು ಇಳಿದು, ನೀರು ತಿರುಗಿದ ಕೂಡಲೇ ಹತ್ತಿಬಿಡಿ. ತಿರುಗಿದ್ದು ಹೇಗೆ ಗೊತ್ತಾಗುತ್ತದೆ? ಸಣ್ಣ ಕಾಲುವೆಗಳಲ್ಲಿ ನೊರೆ, ಕಸ ಕಡಲ ಕಡೆಯಿಂದ ಒಳಗೆ ಬರತೊಡಗುತ್ತದೆ. ನಿಮ್ಮ ಬೆನ್ನ ಹಿಂದಿನ ಕಾಲುವೆ ಮೊದಲು ತುಂಬುತ್ತದೆ, ಮುಂದಿನದಲ್ಲ. ದಿನವೂ ಚಿಪ್ಪಿಕಲ್ಲು ತೆಗೆಯುವ ಒಬ್ಬ ಹೆಂಗಸಾದರೂ ಜೊತೆಗಿರಲಿ, ಅವರಿಗೆ ಅರ್ಧ ದಿನದ ಕೂಲಿ ಕೊಡಿ. ಕೆಸರು ಎಲ್ಲಿ ಹುಗಿಯುತ್ತದೆ ಎಂದು ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಹಂತ 4: ಎಣಿಸಿ

ಕಾಡಿನಲ್ಲಿ 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕ ಹಾಕಿ. ಮೂಲೆ ನೇರ ಬರಬೇಕೆಂದರೆ ಹಗ್ಗದಲ್ಲಿ 3, 4, 5 ಮೀಟರಿನ ತ್ರಿಕೋನ ಮಾಡಿ. ಗಣಿತದ ಮೇಷ್ಟ್ರನ್ನು ಕರೆದುಕೊಂಡು ಹೋದರೆ ಪೈಥಾಗೊರಸ್ ಪಾಠವೂ ಅಲ್ಲೇ ಮುಗಿಯುತ್ತದೆ. ಚೌಕದ ಲೆಕ್ಕವನ್ನು ಹತ್ತರಿಂದ ಗುಣಿಸಿದರೆ ಹತ್ತಿರ ಹತ್ತಿರ ಒಂದು ಎಕರೆಯ ಲೆಕ್ಕ, 25ರಿಂದ ಗುಣಿಸಿದರೆ ಒಂದು ಹೆಕ್ಟೇರ್.

ಉಪ್ಪಾಗೆಯನ್ನು ಮೂರು ಗುಂಪಾಗಿ ಎಣಿಸಿ: ಮೊಣಕಾಲಿಗಿಂತ ಗಿಡ್ಡ ಸಸಿ, ಆಳೆತ್ತರದ ತನಕದ ಗಿಡ, ಅದಕ್ಕೂ ದೊಡ್ಡ ಮರ. ಮರಗಳ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯಿರಿ. ಎಣಿಸಿದ ಮರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ, ಇಲ್ಲದಿದ್ದರೆ ಒಂದೇ ಮರವನ್ನು ಮೂವರು ಎಣಿಸುತ್ತಾರೆ. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಡದ ಮರವನ್ನು 'ಇದು ದಂಡ' ಎಂದು ಮಕ್ಕಳು ಬಿಟ್ಟುಬಿಡುತ್ತಾರೆ. ಬಿಡಬಾರದು.

ಇಲ್ಲಿ ಎಚ್ಚರಿಕೆಯ ಗುರುತು ಸಂಖ್ಯೆಯಲ್ಲಿಲ್ಲ, ವಯಸ್ಸಿನಲ್ಲಿದೆ. ದೊಡ್ಡ ಮರ ಹನ್ನೆರಡು, ಸಸಿ ಸೊನ್ನೆ ಎಂದು ಬಂದರೆ ಕಾಡು ನೋಡಲು ದಟ್ಟವಾಗಿಯೇ ಇರುತ್ತದೆ. ಮಕ್ಕಳನ್ನು ಕೇಳಿ: ಬರೀ ಅಜ್ಜ, ಅಜ್ಜಿಯಂದಿರೇ ಇರುವ ಕೇರಿ ಇನ್ನೆಷ್ಟು ವರ್ಷ? ಈ ಹೋಲಿಕೆ ನಮ್ಮ ಕಡೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಕೇರಿಯಿಂದಲೇ ಬಂದಿರುತ್ತಾರೆ ಎಷ್ಟೋ ಜನ.

ಅಳಿವೆಯಲ್ಲಿ ಅರ್ಧ ಮೀಟರಿನ ಚೌಕಟ್ಟನ್ನು ಹತ್ತು ಕಡೆ ಇಡಿ. ಒಳಗಿನ ಚಿಪ್ಪಿ ಹೆಕ್ಕಿ, ಎಣಿಸಿ, ಉದ್ದ ಅಳೆದು, ಅಲ್ಲೇ ವಾಪಸು ಬಿಡಿ. ಹತ್ತು ಕಡೆಯ ಸರಾಸರಿಯನ್ನು ನಾಲ್ಕರಿಂದ ಗುಣಿಸಿದರೆ ಒಂದು ಚದರ ಮೀಟರಿನ ಲೆಕ್ಕ. ಚಿಪ್ಪಿ ಜಾಸ್ತಿ ಇರುವ ಕಡೆಗೇ ಮಕ್ಕಳು ಚೌಕಟ್ಟು ಇಡುತ್ತಾರೆ. ಇದು ಪ್ರತಿ ಸಲ ಆಗುವ ತಪ್ಪು. ಹತ್ತು ಹೆಜ್ಜೆಗೊಂದು ಎಂದು ಮೊದಲೇ ಹೇಳಿಬಿಡಿ. ದೊಡ್ಡ ಚಿಪ್ಪಿ ಸಿಗದೆ ಬರೀ ಮರಿಗಳೇ ಸಿಕ್ಕರೆ, ಬೆಳೆಯಲು ಬಿಡದೆ ತೆಗೆಯುತ್ತಿದ್ದಾರೆ ಎಂಬ ಅನುಮಾನ ಇಟ್ಟುಕೊಳ್ಳಿ. ಒಂದೇ ಸಲದ ಎಣಿಕೆಯಿಂದ ತೀರ್ಪು ಕೊಡಬೇಡಿ; ಮರಿಗಳು ಆಗಷ್ಟೇ ನೆಲೆ ನಿಂತ ತಿಂಗಳೂ ಆಗಿರಬಹುದು.

ಹಂತ 5: ಮನೆಯಲ್ಲಿ, ಕೇರಿಯಲ್ಲಿ ಕೇಳಿ

ಒಂದು ವರ್ಷ ನಾನು 'ಕಾಡು ನಾಶಕ್ಕೆ ಕಾರಣರು ಯಾರು?' ಎಂಬ ಪ್ರಶ್ನೆ ಕೊಟ್ಟು ಮನೆಗೆ ಕಳಿಸಿದ್ದೆ. ಮರುದಿನ ಒಬ್ಬ ಹುಡುಗಿ ಪುಸ್ತಕ ತೆರೆಯಲೇ ಇಲ್ಲ. ಅವಳಮ್ಮ ಮಳೆಗಾಲದಲ್ಲಿ ಉಪ್ಪಾಗೆ ಹೆಕ್ಕಿ, ಬೇಸಿಗೆಯಲ್ಲಿ ಕಟ್ಟಿಗೆ ಹೊತ್ತು ಶಾಲೆ ಫೀಸು ಕಟ್ಟುತ್ತಿದ್ದರು. ನನ್ನ ಪ್ರಶ್ನೆಯೇ ಅವಳಮ್ಮನ ಕಡೆ ಬೆರಳು ತೋರಿಸುತ್ತಿತ್ತು. ಆಮೇಲೆ ಆ ಪ್ರಶ್ನೆಯನ್ನು ಕೈಬಿಟ್ಟೆ.

ಈಗ ಕೇಳಿಸುವುದು ನಾಲ್ಕೇ. ಇಪ್ಪತ್ತು ವರ್ಷದ ಹಿಂದೆ ಅರ್ಧ ದಿನಕ್ಕೆ ಎಷ್ಟು ಬುಟ್ಟಿ ಆಗುತ್ತಿತ್ತು? ಈಗ ಎಷ್ಟು? ಆಗ ಎಷ್ಟು ದೂರ ಹೋಗುತ್ತಿದ್ದಿರಿ, ಈಗ ಎಷ್ಟು? ಕೊಯ್ಯಲು ಶುರು ಮಾಡುವ ದಿನ ಯಾರು ಹೇಳುತ್ತಿದ್ದರು?

ಒಟ್ಟು ಬುಟ್ಟಿ ಅಷ್ಟೇ ಇದ್ದು, ದೂರ ಮತ್ತು ಹೊತ್ತು ಜಾಸ್ತಿಯಾಗಿದ್ದರೆ ಅದು ದೊಡ್ಡ ಎಚ್ಚರಿಕೆ. ವ್ಯಾಪಾರಿಯ ಪುಸ್ತಕದಲ್ಲಿ ಎಲ್ಲಾ ಸರಿಯಾಗಿಯೇ ಕಾಣುತ್ತದೆ, ಸವೆದದ್ದು ಕಾಲು ಮಾತ್ರ. ಕೊನೆಯ ಪ್ರಶ್ನೆಗೆ ಒಮ್ಮೊಮ್ಮೆ ಒಳ್ಳೆಯ ಉತ್ತರ ಸಿಗುತ್ತದೆ, ಊರಲ್ಲಿ ಮೊದಲು ಒಂದು ಕಟ್ಟಳೆ ಇತ್ತು ಎಂದು. ಅದನ್ನು ಹೇಳಿದವರ ಮಾತಲ್ಲೇ ಬರೆದಿಡಿ, ಏಳನೇ ಹಂತಕ್ಕೆ ಬೇಕು.

ಹಂತ 6: ಕೂಡಿಸಿ ಕಳೆಯಿರಿ

ಎಣಿಕೆ ಒಂದು ಕಡೆ, ತೆಗೆದದ್ದು ಇನ್ನೊಂದು ಕಡೆ. ಉಪ್ಪಾಗೆಯಾದರೆ ಒಂದು ಮನೆಯ ಒಲೆಯ ಹತ್ತಿರ ತಕ್ಕಡಿ ಕಟ್ಟಿ. ಹಸಿ ಸಿಪ್ಪೆ ಎಷ್ಟು, ಒಣಗಿದ ಮೇಲೆ ಎಷ್ಟು, ಉರಿದ ಕಟ್ಟಿಗೆ ಎಷ್ಟು ಎಂದು ತೂಗಲಿ. ಒಂದು ಕಿಲೋ ಒಣ ಸಿಪ್ಪೆಗೆ ಎಷ್ಟು ಕಿಲೋ ಕಟ್ಟಿಗೆ ಎಂದು ಭಾಗಿಸಿದಾಗ ಬರುವ ಸಂಖ್ಯೆ ನೋಡಿ ಮಕ್ಕಳಿಗಿಂತ ಜಾಸ್ತಿ ಮನೆಯವರೇ ಹೌಹಾರುತ್ತಾರೆ. ಕೊಂಡು ತಂದ ಕಟ್ಟಿಗೆಯ ಬೆಲೆ ಹಿಡಿದು ಲಾಭ ಎಷ್ಟು, ಹಿಡಿಯದೆ ಎಷ್ಟು, ಎರಡನ್ನೂ ಬರೆಸಿ.

ದರಕಾದರೆ ಲೆಕ್ಕ ಸುಲಭ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟ ಪದ್ಧತಿ ನಮ್ಮ ಜಿಲ್ಲೆಯದು. ಮಗು ತನ್ನ ಮನೆಗೆ ಎಷ್ಟು ತೋಟ, ಎಷ್ಟು ಬೆಟ್ಟ, ಆ ಬೆಟ್ಟದಲ್ಲಿ ಈಗ ಸೊಪ್ಪು ಬಿಡುವ ಮರ ಎಷ್ಟು ಎಂದು ಹಾಕಿ ನೋಡಲಿ. ಬೆಟ್ಟ ಇಲ್ಲದ ಮನೆಯ ಮಕ್ಕಳು ಎಲ್ಲಿಂದ ತರುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಮುಚ್ಚಬೇಡಿ.

ಹಂತ 7: ನಿಯಮ ಮಾಡಲಿ, ಘೋಷಣೆ ಬೇಡ

ಈಗ ಹುಣಸೆಬೀಜದ ತಟ್ಟೆ ಮತ್ತೆ ಹೊರತೆಗೆಯಿರಿ. ನಮ್ಮ ವಸ್ತುವಿಗೆ ನಾವೇ ಒಂದು ನಿಯಮ ಬರೆಯಬೇಕಾದರೆ ಏನು? 'ಕಾಡನ್ನು ಪ್ರೀತಿಸಬೇಕು' ಎಂದು ಬರೆದರೆ ವಾಪಸು ಕೊಡಿ. 'ನೆಲಕ್ಕೆ ಬಿದ್ದ ಹಣ್ಣು ಮಾತ್ರ, ದೋಟಿ ಹಾಕುವಂತಿಲ್ಲ' ಎಂದರೆ ಅದು ನಿಯಮ.

ಬರೆದ ಪ್ರತಿ ನಿಯಮಕ್ಕೂ ಅಡ್ಡ ಪ್ರಶ್ನೆ ಹಾಕಿ. ಯಾವ ಜಾಗಕ್ಕೆ? ಯಾರು ಕಾಯುವುದು? ಮೊದಲ ಸಲ ತಪ್ಪಿದರೆ ಏನು, ಮೂರನೇ ಸಲ ತಪ್ಪಿದರೆ ಏನು? ಇದರಿಂದ ಯಾರ ಗಂಜಿಗೆ ಕಲ್ಲು ಬೀಳುತ್ತದೆ, ಅವರಿಗೆ ಬದಲಿ ಏನು? ಈ ಪ್ರಶ್ನೆಗಳು ನನ್ನವಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಊರವರೇ ನೋಡಿಕೊಂಡು ಬಂದ ಕಾಡು, ಕಾಲುವೆ, ಮೀನುಗಾರಿಕೆಗಳನ್ನು ಹೋಲಿಸಿ ಕಂಡುಕೊಂಡದ್ದು ಹೆಚ್ಚುಕಡಿಮೆ ಇದನ್ನೇ: ಗಡಿ ಸ್ಪಷ್ಟವಿರಬೇಕು, ಬಳಸುವವರೇ ಕಾಯಬೇಕು, ಶಿಕ್ಷೆ ಸಣ್ಣದರಿಂದ ಶುರುವಾಗಬೇಕು.

ಹೋಲಿಸಿ ನೋಡಲು ಕರಾವಳಿಯಲ್ಲಿ ನಡೆಯುತ್ತಿರುವ ನಿಯಮವೇ ಇದೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಯಾಕೆ ಆ ಎರಡು ತಿಂಗಳು? ನಾಡದೋಣಿಗೆ ಯಾಕೆ ವಿನಾಯಿತಿ? ಆ ದಿನಗಳಲ್ಲಿ ಬೋಟಿನ ಕೂಲಿಯವರು ಏನು ಮಾಡುತ್ತಾರೆ? ತದಡಿ, ಕಾರವಾರ ಬಂದರಿನ ಹತ್ತಿರದ ಮಕ್ಕಳು ಇದಕ್ಕೆ ನಮಗಿಂತ ಚೆನ್ನಾಗಿ ಉತ್ತರ ಹೇಳುತ್ತಾರೆ.

ತಯಾರಾದ ನಿಯಮವನ್ನು ಗ್ರಾಮ ಪಂಚಾಯ್ತಿಗೆ ಒಯ್ಯಿರಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅಲ್ಲೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಮತ್ತು ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಆ ದಾಖಲೆ ತೋರಿಸಿ ಎಂದು ಮಕ್ಕಳೇ ಕೇಳಲಿ. ನಿಮ್ಮ ಎಣಿಕೆಯ ಒಂದು ಪ್ರತಿ ಅಲ್ಲಿ ಕೊಟ್ಟು, ಸ್ವೀಕರಿಸಿದ್ದಕ್ಕೆ ಸಹಿ ತೆಗೆದುಕೊಳ್ಳಿ. ಸಹಿ ಸಿಗಲು ಎರಡು ಸಲ ತಿರುಗಬೇಕಾದೀತು. ಅದೂ ಪಾಠವೇ.

ಹಂತ 8: ಪರೀಕ್ಷೆ ಮತ್ತು ದೊಡ್ಡ ಪುಸ್ತಕ

ಪ್ರಬಂಧ ಬರೆಸಬೇಡಿ. ಮಕ್ಕಳು ನೋಡದ ಹೊಸ ವಸ್ತು ಒಂದನ್ನು ಕೊಡಿ. ಉಪ್ಪಾಗೆ ಮಾಡಿದವರಿಗೆ ಹೊಳೆ ಮರಳು ಅಥವಾ ಜೇನು ಕೊಟ್ಟು, ಮೊದಲು ಏನನ್ನು ಎಣಿಸುತ್ತೀರಿ, ಯಾರನ್ನು ಕೇಳುತ್ತೀರಿ, ಎಷ್ಟು ತೆಗೆಯಬಹುದು ಎಂದು ಹೇಗೆ ತಿಳಿಯುತ್ತೀರಿ ಎಂದು ಕೇಳಿ. 'ಜಾಗೃತಿ ಮೂಡಿಸಬೇಕು' ಎಂಬ ಉತ್ತರ ಅರ್ಧಕ್ಕಿಂತ ಜಾಸ್ತಿ ಬಂದರೆ ತಪ್ಪಿದ್ದು ಮಕ್ಕಳಲ್ಲ, ಎರಡನೇ ಹಂತ. ವಾಪಸು ತಟ್ಟೆ ಹಿಡಿಯಿರಿ.

ಒಂದೇ ಪುಸ್ತಕ ಇರಲಿ ಎಂದದ್ದು ಯಾಕೆಂದರೆ, ಮುಂದಿನ ವರ್ಷದ ಮಕ್ಕಳು ಅದೇ ಚೌಕವನ್ನು ಅದೇ ತಿಂಗಳು ಮತ್ತೆ ಎಣಿಸಬೇಕು. ಒಂದು ವರ್ಷದ ಅಂಕಿ ಏನೂ ಹೇಳುವುದಿಲ್ಲ, ಐದು ವರ್ಷದ್ದು ಹೇಳುತ್ತದೆ. ಪುಸ್ತಕ ಸ್ಟಾಫ್ ರೂಮಿನ ಕಪಾಟಿನಲ್ಲಿರಲಿ. ನಿಮಗೆ ವರ್ಗವಾದರೆ ಚಾರ್ಜ್ ಪಟ್ಟಿಯಲ್ಲಿ ಅದನ್ನೂ ಬರೆಯಿರಿ.

ಚೌಕದ ಮೂಲೆಗೆ ಪ್ಲಾಸ್ಟಿಕ್ ಹಗ್ಗ ಕಟ್ಟಬೇಡಿ, ದನ ಜಗಿಯುತ್ತದೆ. ಬಣ್ಣ ಹಚ್ಚಿದ ಗೂಟ ಒಂದೇ ಮಳೆಗಾಲಕ್ಕೆ ಒಲೆ ಸೇರುತ್ತದೆ. ನಾಲ್ಕು ಚಿರೆಕಲ್ಲು ತಂದು ಅರ್ಧ ಹುಗಿಯಿರಿ. ಶಾಲೆಯ ಗೇಟಿನಿಂದ ಎಷ್ಟು ಹೆಜ್ಜೆ, ಯಾವ ದಿಕ್ಕು ಎಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.